ನಾಲ್ಕು ಕಣ್ಣಿನ ಮರಿ

ನಾಯಿಮರಿ ಬರುವುದಕ್ಕೆ ಇನ್ನೂ ಎಂಟು ದಿನ ಇರುವಾಗಲೇ ಪೆರಿನ್ ಫ್ಲ್ಯಾಟನ್ನೆಲ್ಲ ತಲೆಕೆಳಗು ಮಾಡಿದಳು. ಹಜಾರದ ಜಮಖಾನ ಸುತ್ತಿ ಅಟ್ಟಕ್ಕೆ ಹಾಕಿದಳು. ಅಜ್ಜನ ಕಾಲದ ಪಿಂಗಾಣಿ ತಟ್ಟೆಗಳು ಮೇಲಿನ ಕಪಾಟು ಹತ್ತಿದವು. ಫಿನೈಲು, ಇರುವೆ ಪುಡಿ, ಅಕ್ಕನ ಮಾತ್ರೆ ಡಬ್ಬಿ ಎಲ್ಲವೂ ಮರಿಯ ಬಾಯಿಗೆ ಎಟುಕದ ಜಾಗ ಸೇರಿದವು. ಫ್ರಿಜ್ಜಿನ ವೈರಿಗೆ ಟೇಪು, ಬಾಲ್ಕನಿಯ ಕಂಬಿಗೆ ಬಲೆ, ಬಚ್ಚಲ ಮೂಲೆಗೆ ಹಳೇ ಪೇಪರಿನ ಕಟ್ಟು. ಮರಿಯ ಕಣ್ಣಿಗೆ ಏನೇನು ಬಿದ್ದೀತೋ ಎಂದು ಐವತ್ತೆಂಟರ ಹೆಂಗಸು ಮೊಣಕಾಲೂರಿ ಸೋಫಾದ ಅಡಿಯನ್ನೂ ಹುಡುಕಿದಳು. ಅವರಿದ್ದ ಪಾರ್ಸಿ ವಠಾರದ, ಅಂದರೆ ಬಾಗ್‌ನ, ಎದುರು ಬ್ಲಾಕಿನವರು ಕಿಟಕಿಯಿಂದ ಕಂಡು ನಕ್ಕರು. ನಗಲಿ ಬಿಡಿ, ಅವರ ಮನೆಯಲ್ಲಿ ಯಾರೂ ಹಾಸಿಗೆ ಹಿಡಿದಿರಲಿಲ್ಲ.

ಇಷ್ಟೆಲ್ಲ ಅಕ್ಕ ಖೊರ್ಶೆದ್‌ಗಾಗಿ. ಮುಂಬಯಿಗೆ ಮಳೆ ಹಿಡಿದ ವಾರ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡವಳು, ಚಳಿ ಬಂದರೂ ಎದ್ದಿರಲಿಲ್ಲ. "ಮೂಳೆ ಕೂಡಿಕೊಂಡಿದೆ, ಮನಸ್ಸೇ ಏಳ್ತಿಲ್ಲ. ಹೀಗೇ ಮಲಗಿದ್ರೆ ಎದೇಲಿ ಕಫ ಕಟ್ಟುತ್ತೆ, ಮಾರ್ಚಿನ ನವರೋಜ್ ಹಬ್ಬ ಕಾಣೋದು ಕಷ್ಟ" ಎಂದಿದ್ದರು ಡಾಕ್ಟರು. ಮದುವೆ ಮಕ್ಕಳು ಎಂದೇನೂ ಇಲ್ಲದ ಇಬ್ಬರು ಅಕ್ಕತಂಗಿಯರು. ಒಬ್ಬಳು ಹೋದರೆ ಇನ್ನೊಬ್ಬಳಿಗೆ ಯಾರಿದ್ದಾರೆ? ಆ ಮನೆಯಲ್ಲಿ ಬೆಳೆದ ನಾಯಿಗಳನ್ನೆಲ್ಲ ಪಳಗಿಸಿದವಳು ಖೊರ್ಶೆದ್. ಅವಳು ಒಂದು ಶಿಳ್ಳೆ ಹಾಕಿದರೆ ಮೂರು ನಾಯಿ ಸಾಲಾಗಿ ಕೂರುತ್ತಿದ್ದ ಕಾಲವಿತ್ತು. ಮರಿ ತಂದು ಅವಳ ಮುಂದೆ ಬಿಟ್ಟರೆ ಎದ್ದೇ ಏಳುತ್ತಾಳೆ ಎಂದು ಪೆರಿನ್ ಗಟ್ಟಿಯಾಗಿ ನಂಬಿದಳು.

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತು ಬಂದವಳು, ಪಟ್ಟಿ ಮಾಡದೆ ಯಾವ ಕೆಲಸಕ್ಕೂ ಕೈಹಾಕದವಳು. ಮರಿಗೆ ಯಾವ ವಾರ ಏನು ಕಲಿಸಬೇಕೆಂದು ದುಂಡಗೆ ಬರೆದಳು. ಆಮೇಲೆ ಕೆಳಗಿನ ಮನೆಯ ಕೇಕಿಯ ಹತ್ತಿರ ಹೋದಳು. ಅವನ ನಾಯಿ ನಾಲ್ಕು ಮರಿ ಹಾಕಿತ್ತು.

"ಈ ಕಂದು ಬಣ್ಣದ್ದು ತಗೋ ಪೆರಿನ್, ಸಾಧು."

"ಬೇಡ ಕೇಕಿ, ಈ ಕರಿಯ ನನ್ನ ಚಪ್ಪಲಿ ಬಿಡ್ತಿಲ್ಲ ನೋಡು. ಇದೇ ಇರಲಿ."

ಕರಿಯ ಮರಿಯ ಕಣ್ಣುಗಳ ಮೇಲೆ ಒಂದೊಂದು ಕಂದು ಚುಕ್ಕಿ ಇತ್ತು, ನೋಡಿದರೆ ನಾಲ್ಕು ಕಣ್ಣು. ಅಂಥ ಮರಿ ಇದ್ದ ಮನೆಗೆ ಕೆಟ್ಟದ್ದು ಕಾಲಿಡದು ಎಂದು ಮಮ್ಮಾ ಹೇಳುತ್ತಿದ್ದದ್ದು ನೆನಪಾಗಿ ಪೆರಿನ್‌ಗೆ ಇನ್ನಷ್ಟು ಖುಷಿಯಾಯಿತು. ಅಯ್ಯೋ, ಅವಳ ಬುದ್ಧಿಗೆ ಅಷ್ಟೇ ನೆನಪಾಗಬೇಕಿತ್ತೇ!

ಭಾನುವಾರ ಬೆಳಿಗ್ಗೆ ಹೊಸ್ತಿಲಿಗೆ ರಂಗೋಲಿ ಒತ್ತಿ, ಮರಿಯನ್ನು ತಂದು ಅಕ್ಕನ ಹೊದಿಕೆಯ ಮೇಲೆ ಬಿಟ್ಟಳು. ಪಟ್ಟಿಯನ್ನು ಕೈಗೆ ಕೊಟ್ಟಳು.

"ನೀನೇ ತಿದ್ದು. ಇನ್ಮೇಲೆ ಮೇಡಂ ನೀನೇ."

ಖೊರ್ಶೆದ್ ಮರಿಯನ್ನು ಬಹಳ ಹೊತ್ತು ನೋಡಿದಳು, ಮುಟ್ಟಲಿಲ್ಲ. ಕನ್ನಡಕ ಏರಿಸಿ ಓದತೊಡಗಿದಳು. "ಒಂದನೇ ವಾರ, ಹಾಸಿಗೆ ಪಕ್ಕದಲ್ಲಿ ಸದ್ದು ಮಾಡದೆ ಕೂರುವುದು. ಎರಡನೇ ವಾರ, ಮಲಗಿದವರ ಮುಖ ನೋಡುವುದು, ಬೊಗಳಬಾರದು. ಮೂರನೇ ವಾರ, ಬಿಳಿ ಬಟ್ಟೆಯವರು ಬಂದರೆ ಮೈಮೇಲೆ ಹಾರಬಾರದು." ಹಾಳೆ ಕೆಳಗಿಟ್ಟಳು. "ಬಿಳಿ ಬಟ್ಟೆಯವರು ಯಾರೇ?"

"ನಿನ್ನ ನೋಡೋಕೆ ಬರ್ತಾಳಲ್ಲ, ಆ ನರ್ಸು. ಅವಳಿಗೆ ನಾಯಿ ಅಂದ್ರೆ ಜೀವ ಹೋಗುತ್ತೆ."

"ನರ್ಸಂತೆ! ನಾನೇನು ನಿನ್ನೆ ಹುಟ್ಟಿದೀನಾ? ಪಪ್ಪಾನ ಹೊತ್ಕೊಂಡು ಹೋಗೋಕೆ ಬಂದೋರೂ ಬಿಳಿ ಬಟ್ಟೇಲೇ ಬಂದಿದ್ರು. ನಮ್ಮ ಶಾಸ್ತ್ರದ ಪ್ರಕಾರ ಹೆಣದ ಮುಖ ನೋಡ್ಲಿ ಅಂತ ತಂದು ನಿಲ್ಸಿದ ನಾಯಿಗೂ ಹೀಗೇ ನಾಲ್ಕು ಕಣ್ಣಿತ್ತು. ನಾನಿನ್ನೂ ಉಸಿರಾಡ್ತಿದೀನಿ, ಆಗ್ಲೇ ತಂದು ಪಾಠ ಹೇಳ್ಸೋಕೆ ಶುರು ಮಾಡಿದ್ಯಾ?"

ಪೆರಿನ್‌ಗೆ ಮೊದಲು ನಗು ಬಂತು, ಹಿಂದೆಯೇ ಸಿಟ್ಟು. ಎಂಟು ದಿನ ನೆಲ ಸವೆಸಿದ ಮೊಣಕಾಲು ಉರಿಯುತ್ತಿತ್ತು. ನಾಲಗೆ ಜಾರಿತು. "ಹುಚ್ಚೀ, ಆ ಶಾಸ್ತ್ರಕ್ಕೆ ಹೆಣ ಒಯ್ಯೋ ಡೂಂಗರ್‌ವಾಡೀಲಿ ಅವರದ್ದೇ ನಾಯಿ ಇರುತ್ತೆ. ನಾನ್ಯಾಕೆ ಮನೇಲಿ ಸಾಕ್ಲಿ?"

"ಓಹೋ, ಎಲ್ಲಾ ವಿಚಾರಿಸಿ ಇಟ್ಕೊಂಡಿದೀಯ."

"ಖೊರ್ಶೆದ್, ಸುಮ್ನಿರು. ನೀನು ಏಳ್ಲಿ ಅಂತ ತಂದೆ ಕಣೇ."

"ನನ್ನ ಮುಖ ನೋಡಿ ಹೇಳು. ಇವಳು ಹೋದ್ರೆ ಸಾಕಪ್ಪಾ ಅಂತ ಒಂದು ಸಲಾನೂ ಅನ್ನಿಸಿಲ್ವಾ ನಿಂಗೆ?"

ಇಲ್ಲ ಎಂದುಬಿಡಬೇಕಿತ್ತು. ಎರಡಕ್ಷರ. ಆದರೆ ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ, ಒಂದೇ ದಿನ ನಾಲ್ಕನೇ ಸಲ ಒದ್ದೆ ಹಾಸು ಒಗೆಯುತ್ತ ಬಚ್ಚಲಲ್ಲಿ ಕೂತಿದ್ದಾಗ, ಅವಳಿಗೆ ಅನ್ನಿಸಿದ್ದು ಅಕ್ಷರಶಃ ಅದೇ. ಒಂದೇ ಸಲ. ಆಮೇಲೆ ದೀಪ ಹಚ್ಚಿ, ತಪ್ಪಾಯಿತು ಎಂದು ಅತ್ತಿದ್ದಳು. ಈಗ ಅಕ್ಕನ ಮುಖ ನೋಡದೆ ಆ ಹಾಳೆಯನ್ನು ಎತ್ತಿ ಮಡಿಸತೊಡಗಿದಳು.

ಖೊರ್ಶೆದ್ ಹೊದಿಕೆ ಸರಿಸಿದಳು. ಕಾಲು ಕೆಳಗಿಟ್ಟಳು. ಒಂದು ಕೈಯಲ್ಲಿ ಮರಿಯ ಕತ್ತಿನ ಚರ್ಮ ಹಿಡಿದು, ಇನ್ನೊಂದರಲ್ಲಿ ಮಂಚ, ಗೋಡೆ, ಕುರ್ಚಿ ಹಿಡಿಯುತ್ತ ಹಲ್ಲು ಕಚ್ಚಿಕೊಂಡು ಹಜಾರ ದಾಟಿದಳು. ಬಾಗಿಲು ತೆಗೆದು ಮರಿಯನ್ನು ಆಚೆ ಇಟ್ಟು, ಚಿಲಕ ಹಾಕಿದಳು. ಪೆರಿನ್ ಆಸರೆಗೆ ಹೋಗಲಿಲ್ಲ. ಆ ನಡೆಯುವ ಕಾಲುಗಳನ್ನೇ ನೋಡುತ್ತ ನಿಂತುಬಿಟ್ಟಳು. ಇದಕ್ಕಾಗಿಯೇ ತಾನೇ ಅವಳು ಅಷ್ಟೆಲ್ಲ ಮಾಡಿದ್ದು.

ಮರಿ ಕೇಕಿಯ ಮನೆಗೆ ವಾಪಸಾಯಿತು. ಖೊರ್ಶೆದ್ ಮತ್ತೆ ಮಲಗಲಿಲ್ಲ. ಮಾರನೆಯ ದಿನ ಅಡುಗೆಮನೆಯವರೆಗೆ ಹೋಗಿ ತನ್ನ ಮೊಟ್ಟೆ ತಾನೇ ಬೇಯಿಸಿಕೊಂಡಳು. ಮಾತ್ರೆ ಡಬ್ಬಿಯನ್ನು ತನ್ನ ದಿಂಬಿನ ಕೆಳಗೆ ಇಟ್ಟುಕೊಂಡಳು. ತಂಗಿ ಮಾಡಿದ ಅಡುಗೆಯನ್ನು ಮೂಸಿಯೂ ನೋಡುತ್ತಿರಲಿಲ್ಲ.

ತಿಂಗಳು ಕಳೆದು ಬಂದ ಡಾಕ್ಟರು ಕಣ್ಣರಳಿಸಿದರು. "ಭೇಷ್! ಎದೆ ತಿಳಿಯಾಗಿದೆ. ಏನು ಮಾಯ ಮಾಡಿದ್ರಿ?"

"ಎಲ್ಲಾ ನನ್ನ ತಂಗಿ ಉಪಕಾರ ಡಾಕ್ಟ್ರೇ," ಎಂದಳು ಖೊರ್ಶೆದ್, ತಾನೇ ಕಾಯಿಸಿದ ಹಾಲನ್ನು ಲೋಟಕ್ಕೆ ಸುರಿದುಕೊಳ್ಳುತ್ತ. "ಇವಳ ಕೈಯಿಂದ ಒಂದು ಲೋಟ ನೀರು ಕುಡಿಯೋಕೂ ಭಯ ಆಯ್ತು. ಅದಕ್ಕೇ ಎದ್ದೆ."

ಡಾಕ್ಟರು ತಮಾಷೆ ಎಂದುಕೊಂಡು ಗಟ್ಟಿಯಾಗಿ ನಕ್ಕರು. ಅವರ ಮುಂದೆ ಪೆರಿನ್ ಕೂಡ ನಗಬೇಕಾಯಿತು.