ಮೊಣಕೈ ಕೆಳಗಿನ ಕೈ

ತೂಕ ನೋಡುವ ಹಿಂದಿನ ದಿನ ಬೆಳಗಿನಿಂದ ನಮ್ಮ ಭಾವ ಒಂದು ಗುಟುಕು ನೀರು ಕುಡಿದಿರಲಿಲ್ಲ. ತಲೆ ಬೋಳಿಸಿಕೊಂಡಿದ್ದರು, ಕೂದಲಿಗೂ ತೂಕವಿದೆಯಂತೆ. ಬೆವರು ಇಳಿಯಲೆಂದು ಮೈಗೆ ಪ್ಲಾಸ್ಟಿಕ್ ಅಂಗಿ ಹಾಕಿಕೊಂಡು ಸಭಾಂಗಣದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಕೈಯಲ್ಲೊಂದು ಬಾಟಲಿ. ಕುಡಿಯಲಿಕ್ಕಲ್ಲ, ಉಗುಳಲಿಕ್ಕೆ.

ಬಾಕ್ಸಿಂಗ್‌ನಲ್ಲಿ ಮನುಷ್ಯರನ್ನು ಹದಿನೇಳು ತೂಕದ ವರ್ಗಗಳಾಗಿ ವಿಂಗಡಿಸಿದ್ದಾರೆ. ಸಮಾನರು ಸಮಾನರ ಜೊತೆ ಮಾತ್ರ ಹೊಡೆದಾಡಲಿ ಎಂಬ ದೊಡ್ಡ ಮನಸ್ಸು. ಬೇರೆ ಕಸುಬಿನಲ್ಲಿ ಇಷ್ಟು ನ್ಯಾಯವಿಲ್ಲ. ಭಾವ ಗೋದಾಮಿನಲ್ಲಿ ಮೂಟೆ ಹೊರುವಾಗ ಮೂಟೆಯ ತೂಕವೆಷ್ಟು, ಹೊರುವವನ ತೂಕವೆಷ್ಟು ಎಂದು ಯಾರೂ ಕೇಳಿದವರಲ್ಲ.

ಭಾವನ ಮೈತೂಕ ಅರವತ್ತನಾಲ್ಕು ಕಿಲೋ. ಸಂಘಟಕರು ಹಾಕಿದ್ದು ಐವತ್ತೊಂಬತ್ತರ ವರ್ಗಕ್ಕೆ. ಪೋಸ್ಟರಿನಲ್ಲಿ ಮಿಂಚುವ 'ಸಿಡಿಲು' ಆ ವರ್ಗದ ಚಾಂಪಿಯನ್. ಸಿಡಿಲಿಗೆ ಬಡಿಯಲು ಒಂದು ಮರ ಬೇಕಿತ್ತು.

ಅಲ್ಲಿ ತೂಕ ಬರೆಯುವವನು ನಾನು. ಆ ಬೆಳಿಗ್ಗೆ ಭಾವ ಯಂತ್ರ ಹತ್ತಿದಾಗ ಇನ್ನೂರು ಗ್ರಾಂ ಹೆಚ್ಚು ತೋರಿಸಿತು. ಇದ್ದದ್ದನ್ನೇ ಬರೆದೆ. ಭಾವನೆಂದು ರಿಯಾಯಿತಿ ತೋರಿಸುವುದು ತಪ್ಪಲ್ಲವೇ?

"ಒಂದು ಗಂಟೆ ಟೈಮ್. ಇಳಿಸ್ಕೊಂಡು ಬಾ. ರೂಲ್ಸ್ ಅಂದ್ರೆ ರೂಲ್ಸ್," ಎಂದರು ತೂಕದ ಅಧಿಕಾರಿ.

"ಇನ್ನೇನ್ ಇಳಿಸ್ಲಿ ಸಾರ್? ಹಲ್ಲು ಕೀಳಿಸ್ಕೊಳ್ಲಾ?"

"ಅದಕ್ಕೆ ನಾಳೆ ಸಿಡಿಲು ಇದ್ದಾನಲ್ಲ."

ಭಾವನಿಗೆ ಒಣ ಟವಲ್ ತಂದಿದ್ದ ಅಕ್ಕ ಗೋಡೆ ಪಕ್ಕ ನಿಂತಿದ್ದಳು. ಅವಳು ಗುಜರಿ ಅಂಗಡಿಯಲ್ಲಿ ಕಬ್ಬಿಣ, ಕಾಗದ ಬೇರೆ ಮಾಡುವ ಕೆಲಸದವಳು. ಗಂಡನ ಒಣಗಿ ಒಡೆದ ತುಟಿ ನೋಡುತ್ತಿದ್ದಳು.

ಅಷ್ಟರಲ್ಲಿ ಸಿಡಿಲು ಬಂದ. ಚೆನ್ನಾಗಿ ಉಂಡು ಬಂದವನ ಮುಖ. ಯಂತ್ರ ಹತ್ತಿದ. ಅವನ ತರಬೇತುದಾರ ಬೆನ್ನಿಗೆ ಅಂಟಿಕೊಂಡು ನಿಂತ. ಅಂಕಿ ಮೇಲೇರಿ ಒದ್ದಾಡಿ, ಆಮೇಲೆ ವಿನಯದಿಂದ ಐವತ್ತೊಂಬತ್ತಕ್ಕೆ ಬಂದು ನಿಂತಿತು.

ತರಬೇತುದಾರನ ಕೈ ಸಿಡಿಲಿನ ಮೊಣಕೈ ಕೆಳಗಿತ್ತು. ನಾನು ನೋಡಿದೆನೋ, ನೋಡಿದ ಹಾಗೆ ಅನ್ನಿಸಿತೋ. ಖಚಿತವಿಲ್ಲದೆ ಒಬ್ಬರ ಮೇಲೆ ಹೇಳಬಾರದಲ್ಲ. ಐವತ್ತೊಂಬತ್ತು ಎಂದು ಬರೆದೆ.

"ಒಂದ್ನಿಮಿಷ ಸಾರ್. ಆ ಕೈ ತೆಗ್ಸಿ," ಎಂದಳು ಅಕ್ಕ.

"ಯಾರಮ್ಮ ನೀನು?"

"ಗುಜರಿ ಅಂಗ್ಡಿಯವಳು. ನಮ್ ಅಂಗ್ಡಿ ಓನರ್ರೂ ಹಿಂಗೇ. ಜನ ಕಬ್ಬಿಣ ತಂದ್ರೆ ಚೀಲದ ಕಿವಿ ಹಿಡ್ಕೊಂಡು ತೂಗ್ತಾರೆ. ಹತ್ತು ಕಿಲೋ ಆರಾಗುತ್ತೆ. ಇದು ಅದೇ ಹಿಡಿತ."

"ಇದು ಬಾಕ್ಸಿಂಗ್. ಗುಜರಿ ಅಲ್ಲ."

"ಮತ್ತೆ ಮಾಲು ಹಿಡ್ದಂಗೆ ಯಾಕ್ ಹಿಡ್ದಿದ್ದಾರೆ?"

ಸಾಲಿನಲ್ಲಿ ತೂಕಕ್ಕೆ ಕಾದಿದ್ದ ಹನ್ನೊಂದು ಬಾಕ್ಸರ್‌ಗಳಲ್ಲಿ ಒಬ್ಬ ನಕ್ಕ. ಇನ್ನೊಬ್ಬ, "ಕೈ ತೆಗೀರಿ," ಎಂದ. ಆಮೇಲೆ ಎಲ್ಲರೂ ಅದನ್ನೇ ಹೇಳತೊಡಗಿದರು. ಒಣಗಿದ ಗಂಟಲುಗಳು, ಸದ್ದು ದೊಡ್ಡದಲ್ಲ. ಆದರೂ ತರಬೇತುದಾರ ಕೈ ಬಿಟ್ಟ.

ಅರವತ್ತಮೂರು ಕಿಲೋ ನಾನೂರು ಗ್ರಾಂ.

ಅಧಿಕಾರಿ ಯಂತ್ರವನ್ನು ಮರುಕದಿಂದ ನೋಡಿದರು. "ಪಾಪ, ಕೆಟ್ಟಿದೆ. ಮೊದಲು ಬಂದ ಅಂಕಿನೇ ಅಂತಿಮ."

"ಹಂಗಾದ್ರೆ ನನ್ನ ಇನ್ನೂರು ಗ್ರಾಂ, ಸಾರ್?" ಭಾವ ಕೇಳಿದರು.

"ಅದು ಯಂತ್ರ ಸರಿಯಿದ್ದಾಗಿಂದು."

ಅಕ್ಕ ಅತಿಥಿಗಳ ಮೇಜಿನಿಂದ ನೀರಿನ ಜಗ್ಗು ಎತ್ತಿಕೊಂಡು ಬಂದಳು. "ಕುಡೀರಿ."

"ಕುಡಿದ್ರೆ ಬೌಟ್ ಹೋಗುತ್ತೆ ನೋಡು," ಎಂದರು ಅಧಿಕಾರಿ.

ಭಾವ ಜಗ್ಗು ನೋಡಿದರು. ಚಾಂಪಿಯನ್ ಜೊತೆಗಿನ ಆ ಪಂದ್ಯಕ್ಕಾಗಿ ಎರಡು ವರ್ಷ ಕಾದಿದ್ದರು. "ಬೌಟ್ ಬೇಕು ಸಾರ್. ಅವ್ರು ಅರವತ್ಮೂರು. ನಾನೂ ನನ್ನ ತೂಕಕ್ಕೇ ಬರ್ತೀನಿ," ಎಂದು ಜಗ್ಗು ಎತ್ತಿದರು. ಗಂಟಲಿನ ಗಂಟು ಮೇಲೆ ಕೆಳಗೆ ಆಡಿತು. ಬೇಕಾದಷ್ಟು ಕುಡಿದು, ಉಳಿದದ್ದನ್ನು ಸಾಲಿನಲ್ಲಿದ್ದವನಿಗೆ ಕೊಟ್ಟರು. ಅವನೂ ಕುಡಿದ. ಜಗ್ಗು ಖಾಲಿಯಾಗುತ್ತಲೇ ಮತ್ತೊಬ್ಬ ಹೋಗಿ ಇನ್ನೊಂದು ತಂದ.

ನಾನು ಐವತ್ತೊಂಬತ್ತನ್ನು ಹೊಡೆದು ಹಾಕಿದೆ. ಗೆರೆ ಸೊಟ್ಟಗೆ ಬಂತು. ಪಕ್ಕದಲ್ಲಿ ಅರವತ್ತಮೂರು ನಾನೂರು ಎಂದು ಬರೆದೆ.

"ಏನ್ರೀ ಅದು? ಯಾರ್ ಹೇಳಿದ್ರು ನಿಮ್ಗೆ?"

"ಯಂತ್ರ ಹೇಳ್ತು, ಸಾರ್."

ಅಧಿಕಾರಿ ಪುಸ್ತಕ ಕಿತ್ತುಕೊಳ್ಳಲು ಕೈ ಚಾಚಿದರು. ಭಾವನೂ ಆ ಹನ್ನೊಂದು ಜನರೂ ಮೇಜಿಗೆ ಅಡ್ಡ ಬಂದು ನಿಂತರು. ಎಲ್ಲ ಸೇರಿ ಎಷ್ಟು ಕಿಲೋ ಇದ್ದರೋ ಗೊತ್ತಿಲ್ಲ. ಅಷ್ಟು ತೂಕದ ವರ್ಗ ಅಧಿಕಾರಿಯ ರೂಲ್ಸಿನಲ್ಲಿ ಇರಲಿಲ್ಲ.