ಸಿದ್ದಲಿಂಗವ್ವನ ಶಿವದಾರ

ಶುಕ್ರವಾರ ಸಂಜೆ ಹೊಲದಿಂದ ಕುಳ್ಳಿನ ಬುಟ್ಟಿ ಹೊತ್ತು ಬಂದ ಸಿದ್ದಲಿಂಗವ್ವ, ಬುಟ್ಟಿ ಇಳಿಸಿ ಕೊರಳಿಗೆ ಕೈ ಹಾಕಿದಳು. ಲಿಂಗ ಇರಲಿಲ್ಲ. ಸವೆದು ಹರಿದ ಶಿವದಾರದ ಗೇಣುದ್ದದ ತುಂಡೊಂದು ಸೆರಗಿಗೆ ಅಂಟಿಕೊಂಡಿತ್ತು, ಅಷ್ಟೇ.

ಎಪ್ಪತ್ತು ದಾಟಿದ ಮುದುಕಿ ಕೂಗಲಿಲ್ಲ, ಅಳಲಿಲ್ಲ. ಸೊಸೆ ಹೊನ್ನವ್ವ ನೀರಿನ ಚರಿಗೆ ಹಿಡಿದಾಗ ಮೆಲ್ಲಗೆ ಆಚೆ ಸರಿಸಿದಳು.

"ಲಿಂಗ ಇಲ್ಲದ ಬಾಯಿಗೆ ನೀರು ಹೆಂಗ ಹಾಕ್ಲೆವ್ವಾ?"

ಲಿಂಗಪೂಜೆ ಆಗದೆ ಹನಿ ನೀರು ಮುಟ್ಟದವಳು ಆಕೆ. ಲಗ್ನಕ್ಕೂ ಮೊದಲಿನ ನೇಮ. ಹೆರಿಗೆಯಲ್ಲಿ ಬಿಟ್ಟಿರಲಿಲ್ಲ, ಗಂಡ ಸತ್ತ ದಿನ ಬಿಟ್ಟಿರಲಿಲ್ಲ.

ಮೊಮ್ಮಗ ರೇವಪ್ಪ ಸೆರಗಿನ ಆ ತುಂಡನ್ನೇ ನೋಡಿದ. ಐದನೆಯ ಇಯತ್ತೆಗೆ ಸಾಲಿ ಬಿಟ್ಟು ಸಿಂದಗಿಯಲ್ಲಿ ಚೀಲ ಹೊರುವ ಇಪ್ಪತ್ತೆರಡರ ಹುಡುಗ ಅವನು. "ಸಂತ್ಯಾಗ ಒಂದು ಶಿವದಾರ ತಗೊಂಡ ಬಾರೋ, ಇದು ಹರಿಯಾಕ ಬಂದೈತಿ" ಎಂದು ಅಜ್ಜಿ ಅವನಿಗೆ ಹೇಳಿ ಎರಡು ಸಂತೆ ಕಳೆದಿದ್ದವು. "ತರ್ತೇನಿ ಬಿಡಾಯಿ" ಅಂದಿದ್ದ. ಎರಡೂ ಸಲ ಸಿನಿಮಾ ನೋಡಿ ಬಂದಿದ್ದ.

ಶನಿವಾರ ನಸುಕಿನಲ್ಲೇ ಮನೆಮಂದಿಯೆಲ್ಲ ಹೊಲದ ದಾರಿ ಹಿಡಿದರು. ಕುಳ್ಳಿನ ರಾಶಿ ಕೆದರಿದರು, ಬದುವಿನ ಕಸ ಸೋಸಿದರು. ಲಿಂಗವಿಡುವ ಕರಡಿಗೆಯೂ ಇಲ್ಲ, ಲಿಂಗವೂ ಇಲ್ಲ. ಒಂಬತ್ತು ಗಂಟೆಗೇ ಎರೆಮಣ್ಣು ಹೆಂಚಿನಂತೆ ಕಾದಿತ್ತು.

ಹೊಸ ಲಿಂಗ ಕಟ್ಟಬೇಕಾದವರು ಮನೆತನದ ಗುರು ಚನ್ನಬಸಯ್ಯ. ಅವರು ಶುಕ್ರವಾರ ಮುಂಜಾನೆಯೇ ಬಸವಜಯಂತಿಗೆಂದು ಬಸವನ ಬಾಗೇವಾಡಿಗೆ ಹೋಗಿದ್ದರು. ಶನಿವಾರ ಜಯಂತಿ, ಮರುದಿನ ರವಿವಾರ. ಜೋಡಿ ಸೂಟಿ. ಎಲ್ಲದಕ್ಕೂ ಸೂಟಿ ಇತ್ತು, ಬಿಸಿಲೊಂದಕ್ಕೆ ಇರಲಿಲ್ಲ.

ರೇವಪ್ಪನಿಗೆ ಒಂದು ಉಪಾಯ ಹೊಳೆಯಿತು. ಹೊಳೆಯಬಾರದಿತ್ತು. ಓಣಿಯ ಕೊನೆಯ ಬೇವಿನ ಮರದವರೆಗೆ ಹೋಗಿ, ಒಂದು ಬೀಡಿ ಸೇದಿ, ಓಡಿಬಂದವನಂತೆ ಏದುಸಿರು ಬಿಡುತ್ತ ಒಳಗೆ ಬಂದ.

"ಆಯಿ, ಅಯ್ಯಾರು ಮೋಟಾರ ನಿಲ್ಲೂ ಕಡೆ ಸಿಕ್ಕಿದ್ರು. ನೀರು ಕುಡೀಲಿ ಅಂದ್ರು. ಕುಡಿ."

ಮುದುಕಿ ಅವನನ್ನೇ ನೋಡಿದಳು. "ಬೀಡಿ ಸೇದಿ ಬಂದಿಯೇನು?"

"ಅಯ್ಯಾರ ಆಣೀಗೂ..."

"ನಿನ್ನೆ ಮುಂಜಾನೆ ನನ್ನ ಕೈಯಾಗ ವಿಭೂತಿ ಕೊಟ್ಟು, ಸೋಮವಾರ ಬರ್ತೇನಿ ಅಂತ ಹೇಳಿ ಗಾಡಿ ಹತ್ಯಾರ ಅವರು. ಸಾಲ್ಯಾಗೂ ಹಿಂಗ ಸುಳ್ಳ ಹೇಳೇ ಹೊರಗ ಬಿದ್ದಿ ನೀ." ನಕ್ಕಳು. ನಗುವಾಗ ತುಟಿ ಒಡೆದು ರಕ್ತ ಜಿನುಗಿತು.

ರೇವಪ್ಪ ಸಿಟ್ಟಿನಿಂದ ಚರಿಗೆ ಒದ್ದು ಹೊರಬಿದ್ದ. ಸಿಟ್ಟು ಆಯಿಯ ಮೇಲೋ ತನ್ನ ಮೇಲೋ, ಅವನಿಗೇ ತಿಳಿಯಲಿಲ್ಲ. ನೇರ ದವಾಖಾನೆಗೆ ಹೋದ. ನರಕ್ಕೆ ಸೂಜಿ ಹಾಕಿ ಸಲಾಯಿನ್ ಬಿಟ್ಟರೆ ನೀರು ಬಾಯಿ ಮುಟ್ಟುವುದಿಲ್ಲ, ಮುದುಕಿಯ ನೇಮವೂ ಮುರಿಯುವುದಿಲ್ಲ ಎಂಬುದು ಅವನ ಲೆಕ್ಕ. ಬಾಗಿಲಿಗೆ ಕೀಲಿ. ಹಿಂದಿನ ಕೋಣೆಯಲ್ಲಿ ಕಂಪೌಂಡರ ಗೈಬುಸಾಬ ಬನಿಯನ್ನಿನಲ್ಲಿ ಕುಳಿತು ಬೀಸಣಿಗೆ ಬೀಸಿಕೊಳ್ಳುತ್ತಿದ್ದ.

"ಡಾಕ್ಟರ ಸಾಹೇಬ್ರು ಮುದ್ದೇಬಿಹಾಳಕ್ಕ ಹೆಂಡತಿ ತೌರಿಗೆ ಹೋಗ್ಯಾರೋ. ಸೋಮವಾರ ಬರ್ತಾರ. ಬಾಟ್ಲಿ ಕಪಾಟಿನ್ಯಾಗ ಅದಾವ, ಕೀಲಿ ಅವರ ಹಂತ್ಯಾಕ ಐತಿ."

"ಕಪಾಟ ಒಡೀತೇನಿ ಕಾಕಾ."

"ಒಡಿ. ಮುಂದ? ಸೂಜಿ ಯಾರು ಹಾಕವರು? ನಾ ಗುಳಿಗಿ ಎಣಿಸಿ ಕೊಡಾವ. ಆ ವಯಸ್ಸಿನ ನರ ನನಗ ಸಿಗೂದಿಲ್ಲೋ ತಮ್ಮಾ." ಹಾಗೆಂದವನು ಅಂಗಿ ಹಾಕಿಕೊಂಡು ಅವನ ಜೊತೆಗೇ ಬಂದ. ಮುದುಕಿಯ ಕೈಯ ಚರ್ಮ ಚಿವುಟಿ ಬಿಟ್ಟ. ಎತ್ತಿದ ಚರ್ಮ ಎತ್ತಿದ ಹಾಗೆಯೇ ನಿಂತಿತು. ಸಕ್ಕರೆ, ಉಪ್ಪು ಕದಡಿದ ನೀರು ಗುಟುಕು ಗುಟುಕು ಕುಡಿಸಿರಿ, ಬಾಗಿಲಿಗೆ ಹಸಿ ಗೋಣಿತಟ್ಟು ಕಟ್ಟಿರಿ ಎಂದ. ಹೊನ್ನವ್ವ ತಟ್ಟು ಕಟ್ಟಿದಳು, ಅತ್ತೆಯ ಹಣೆಗೆ ಒದ್ದೆ ಬಟ್ಟೆ ಇಟ್ಟಳು.

"ಮೈಗೆ ಎಷ್ಟರ ಹಾಕ್ರಿ," ಅಂದಳು ಸಿದ್ದಲಿಂಗವ್ವ. "ಬಾಯಿಗೆ ಬ್ಯಾಡ."

ಗೈಬುಸಾಬ ರೇವಪ್ಪನನ್ನು ಹೊರಗೆ ಕರೆದ. "ನಾಳಿ ಸಂಜೀತನಕ ಹಿಂಗ ಬಿಟ್ರ ಕಳಕೊಂತೀರಿ. ಸಿಂದಗಿಗೆ ಒಯ್ದೇನಂದ್ರ ಈ ಬಿಸಿಲಾಗ ದಾರ್ಯಾಗ ತಡಿಯೂದಿಲ್ಲ. ಆ ಅಯ್ಯನ ಮಾತು ಆಕಿ ಕೇಳ್ತಾಳಂದ್ರ, ಹೋಗಿ ತಾ."

ಬಾಗೇವಾಡಿಗೆ ಹೋಗುವ ಬಸ್ಸುಗಳ ಮಾಳಿಗೆಯ ಮೇಲೂ ಜನ. ರೇವಪ್ಪ ಉಳ್ಳಾಗಡ್ಡಿ ಲಾರಿ ಹತ್ತಿ, ದೇವರ ಹಿಪ್ಪರಗಿಯಲ್ಲಿ ಇಳಿದು, ಇನ್ನೊಂದು ಹತ್ತಿ, ಹೊತ್ತು ಮುಳುಗುವ ಮೊದಲು ಮುಟ್ಟಿದ. ಮೆರವಣಿಗೆಯ ಭಜನೆ, ಹಲಗೆ, ಗುಲಾಲಿನ ನಡುವೆ ಅಯ್ಯನವರನ್ನು ಹುಡುಕಿ ಹಿಡಿಯುವುದರೊಳಗೆ ಅವನ ಗಂಟಲೂ ಒಣಗಿತ್ತು. ಕುಡಿಯಲು ಕೊಡ ಕೊಡ ನೀರು ಇಟ್ಟಿದ್ದರು. ಅವನು ಎರಡು ತಂಬಿಗೆ ಕುಡಿದ. ಕುಡಿದದ್ದಕ್ಕೆ ಆಮೇಲೆ ತನ್ನನ್ನು ತಾನೇ ಬೈದುಕೊಂಡ.

ಚನ್ನಬಸಯ್ಯ ಎಲ್ಲ ಕೇಳಿದರು. "ಅಯ್ಯೋ ಆಕಿ ಹಟ ನನಗ ಗೊತ್ತಿಲ್ಲೇನು! ನೀರು ಕುಡಿಸಪಾ. ಅಂಗೈಯಾಗ ವಿಭೂತಿ ಇಟ್ಟುಕೊಂಡು ಕುಡೀಲಿ, ದೋಷ ಇಲ್ಲ. ನಾನ ಹೇಳೀನಂತ ಹೇಳು. ಸೋಮವಾರ ಬಂದು ಹೊಸಾದು ಕಟ್ತೇನಿ."

"ಈಗ ಬರ್ರಿ ಅಯ್ಯಾರ. ಕೈ ಮುಗೀತೇನಿ."

"ನಾಳೆ ದಾಸೋಹ ನನ್ನ ಮ್ಯಾಲ ಐತಿ. ಸಾವಿರ ಮಂದಿ ಉಣ್ಣೂದು. ಹೆಂಗ ಬರ್ಲಿ?"

ಸಾವಿರ ಮಂದಿ ಉಣ್ಣುವುದು, ಒಬ್ಬಳು ಕುಡಿಯುವುದು. ರೇವಪ್ಪ ಸರಕ್ಕನೆ ತಿರುಗಿ ನಡೆದ. ಅಂಗಡಿಯೊಂದರಲ್ಲಿ ಎಂಟಾಣೆ ಕೊಟ್ಟು ಶಿವದಾರ ಕೊಂಡು ಜೇಬಿನಲ್ಲಿಟ್ಟ. ಅಯ್ಯನವರ ಕೈಯಿಂದ ಒಂದು ಗುರುತು ಇಸಿದುಕೊಳ್ಳಬೇಕಿತ್ತು. ಕೊರಳ ರುದ್ರಾಕ್ಷಿಯೊಂದು ಸಾಕಿತ್ತು, ಮುದುಕಿ ಅದರ ಗಂಟು ನೋಡಿಯೇ ಗುರುತಿಸುತ್ತಿದ್ದಳು. ಸಿಟ್ಟಿನ ತಲೆಗೆ ಅದು ಹೊಳೆಯಲಿಲ್ಲ. ಸುಳ್ಳು ಹೇಳುವಾಗ ಹೊಳೆದ ಬುದ್ಧಿ ನಿಜ ಹೊತ್ತು ತರುವಾಗ ಎಲ್ಲಿ ಸತ್ತಿತ್ತೋ.

ಮರಳುವಾಗ ಗಾಡಿ ಇಲ್ಲ. ಹಿಪ್ಪರಗಿವರೆಗೆ ನಡೆದ, ಚಕ್ಕಡಿ ಹತ್ತಿದ, ಮತ್ತೆ ನಡೆದ. ರವಿವಾರ ಮಧ್ಯಾಹ್ನ ಮನೆಯ ಹೊಸ್ತಿಲು ದಾಟಿದಾಗ ಬಾಗಿಲಿನ ತಟ್ಟು ಒಣಗಿ ಸೆಟೆದಿತ್ತು. ಸಿದ್ದಲಿಂಗವ್ವನ ಕಣ್ಣು ಒಳಗೆ ಹೋಗಿದ್ದವು.

"ಆಯಿ, ಅಯ್ಯಾರು ಸಿಕ್ಕಿದ್ರು. ವಿಭೂತಿ ಹಿಡಕೊಂಡು ನೀರು ಕುಡೀಲಿ ಅಂದ್ರು. ಖರೇನ ಅಂದ್ರು."

"ನಿನ್ನೇನೂ ಹಿಂಗ ಅಂದಿ," ಅಂದಳು. ನಾಲಿಗೆ ತೊದಲುತ್ತಿತ್ತು.

"ನಿನ್ನೆ ಸುಳ್ಳ, ಇವತ್ತ ಖರೆ! ಬಾಗೇವಾಡಿಗೆ ಹೋಗಿ ಬಂದೇನಿ. ಕಾಲ ನೋಡು ಬೇಕಾದ್ರ, ಬೊಬ್ಬಿ ನೋಡು. ನಿನ್ನ ತಲಿ ಮುಟ್ಟಿ ಆಣಿ ಮಾಡ್ತೇನಿ..."

ಮುದುಕಿ ಅವನ ಕೈ ಹಿಡಿದು ತಲೆಯಿಂದ ಸರಿಸಿದಳು. "ಆಣಿ ಬ್ಯಾಡೋ ಯಪ್ಪಾ. ಸುಳ್ಳಾಣಿ ನಿನಗ ತಟ್ಟತೈತಿ. ನಾಳಿಗೆ ಸೋಮವಾರ ಅಲ್ಲೇನು. ತಡಕೊಂತೇನಿ."

ರೇವಪ್ಪ ಗೋಡೆಗೆ ತಲೆ ಚಚ್ಚಿಕೊಂಡ. ಹೊನ್ನವ್ವ ಅತ್ತು ಕಾಲು ಹಿಡಿದಳು. ಗೈಬುಸಾಬ ಹೇಳಿ ನೋಡಿದ. ಅವನನ್ನೂ ಮುದುಕಿ ಮೊಮ್ಮಗನ ಕಡೆಯವನೆಂದೇ ಎಣಿಸಿದಳು.

ನಾಲ್ಕರ ಹೊತ್ತಿಗೆ ಎಚ್ಚರ ತಪ್ಪಿತು. ರೇವಪ್ಪ ಬಟ್ಟಲು ಎತ್ತಿಕೊಂಡ. ಹೊನ್ನವ್ವ ಅವನ ಕೈ ಹಿಡಿದಳು, ಆಮೇಲೆ ತಾನೇ ಬಿಟ್ಟಳು. ಹಲ್ಲು ಕಚ್ಚಿಹೋಗಿತ್ತು. ಹಾಕಿದ ನೀರು ಕಟವಾಯಿಯಿಂದ ಇಳಿದು ದಿಂಬು ತೊಯಿಸಿತು. ಹೊತ್ತು ಇಳಿಯುವ ಮೊದಲೇ ಆಕೆಯ ಉಸಿರು ನಿಂತಿತು.

ಸೋಮವಾರ ಮುಂಜಾನೆ ದವಾಖಾನೆಯ ಬಾಗಿಲು ತೆರೆಯಿತು. ಎಂಟು ಗಂಟೆಗೆ ಚನ್ನಬಸಯ್ಯನವರು ಹೊಸ ಲಿಂಗ ಹಿಡಿದು ಬಂದರು. ಅಂಗಳದಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದ ಹೆಣ ನೋಡಿ ನಿಂತುಬಿಟ್ಟರು.

"ನಾ ಹೇಳಿ ಕಳಿಸಿದ್ನೆಲ್ಲೋ. ಆಕಿಗೆ ಹೇಳಲಿಲ್ಲೇನು ನೀ?"

"ಹೇಳಿದೆರಿ," ಅಂದ ರೇವಪ್ಪ. "ಎರಡ ಸಲ ಹೇಳಿದೆ."

ಅಯ್ಯನವರಿಗೆ ಅರ್ಥವಾಗಲಿಲ್ಲ. ಅವರು ಮುದುಕಿಯ ಎಡ ಅಂಗೈ ಬಿಡಿಸಿ ಲಿಂಗ ಇಟ್ಟು, ತಂಬಿಗೆಯಿಂದ ನೀರೆರೆದರು. ನೀರು ಬೆರಳ ಸಂದಿಯಿಂದ ಇಳಿದು ಅಂಗಳಕ್ಕೆ ಬಿತ್ತು. ಬಿದ್ದಲ್ಲೇ ಆರಿತು.

"ದಾರ ಐತೇನು?" ಎಂದು ಕೇಳಿದರು.

ರೇವಪ್ಪ ಜೇಬಿಗೆ ಕೈ ಹಾಕಿದ. ಬೆವರಿಗೆ ತೊಯ್ದು ಉಂಡೆಯಾಗಿದ್ದ ಶಿವದಾರ ತೆಗೆದು ಕೊಟ್ಟ.

"ಐತಿರಿ."