ಕೆಂಪು ಒತ್ತಿದಾಕಿ

"ಹುಲುಗೆಮ್ಮ ಅಂದ್ರ ಯಾವನ್ ಕೇಳ್ತಾನ ಲೇ ನಿನ್ ಮಾತು? ಹೆಸರು ಕೇಳಿದ ಕೂಡ್ಲೆ ಕೇರಿ ವಾಸ್ನಿ ಹೊಡಿತೈತಿ. ಅನನ್ಯಾ ಅನ್ನು, ಅನನ್ಯಾ!"

ಫೋನಿನಲ್ಲಿ ಬಾಯ್ತಪ್ಪಿ ಸ್ವಂತ ಹೆಸರು ಹೇಳಿದ್ದಕ್ಕೆ ಮ್ಯಾನೇಜರ್ ಎಲ್ಲರೆದುರು ಇಷ್ಟು ಅಂದ. ಹೊಸಪೇಟೆಯ ಆ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಫೋನಿನ ಮುಂದೆ ಕೂರುವ ನರ್ಸುಗಳು ಆರು ಮಂದಿ. ಫೋನಿನಲ್ಲಿ ಆರೂ ಮಂದಿ ಅನನ್ಯಾ. ಕಮಲಾಪುರದ ಕೇರಿಯಲ್ಲಿ ಬಾಳೆಗೊನೆ ಹೊರುವವಳ ಮಗಳಾಗಿ ಹುಟ್ಟಿ, ಹಾಸ್ಟೆಲ್ಲಿನ ಅನ್ನ ತಿಂದು ನರ್ಸಿಂಗ್ ಓದಿದ ಹುಲುಗೆಮ್ಮ ಹೆಡ್‌ಫೋನಿನ ಮೈಕು ಸರಿಮಾಡಿಕೊಂಡು ಕೂತಳು. ಹೆಸರು ಹೋದರೆ ಹೋಗಲಿ, ನೌಕರಿ ಉಳಿಯಲಿ ಎಂದು ಒಪ್ಪಿಕೊಂಡು ವರ್ಷವಾಗಿತ್ತು.

ವಡ್ಡು ಎಂಬ ಊರಿನ ಕಡೆಯ ಕಬ್ಬಿಣದ ಫ್ಯಾಕ್ಟರಿಯ ಗುತ್ತಿಗೆ ಕೂಲಿಗಳಿಗೆ ಡಾಕ್ಟರಿಲ್ಲ, ಈ ಫೋನೇ ಡಾಕ್ಟರು. ನರ್ಸು ಕಂಪ್ಯೂಟರಿನಲ್ಲಿ ಹಸಿರು ಒತ್ತಿದರೆ ಓ.ಆರ್.ಎಸ್. ಕುಡಿದು ಸುಮ್ಮನಿರಬೇಕು. ಕೆಂಪು ಒತ್ತಿದರೆ ಮಾತ್ರ ಫ್ಯಾಕ್ಟರಿಯ ಗೇಟು ತೆರೆದು ಆಂಬುಲೆನ್ಸ್ ಒಳಗೆ ಬಿಡುತ್ತಾರೆ. ಕೆಂಪೆಂದರೆ ಅಪಘಾತ, ಅಪಘಾತವೆಂದರೆ ತಪಾಸಣೆಗೆ ಬರುವ ಸರ್ಕಾರಿ ಇನ್ಸ್‌ಪೆಕ್ಟರು. ಆಸ್ಪತ್ರೆಗೆ ದುಡ್ಡು ಕೊಡುವ ಫ್ಯಾಕ್ಟರಿಯ ದೊಡ್ಡವರಿಗೆ ಅದು ಆಗಿಬರುವುದಿಲ್ಲ. ಹಾಗಾಗಿ ಕೆಂಪಿಗೆ ಮ್ಯಾನೇಜರನ ಒಪ್ಪಿಗೆ ಬೇಕು.

ಹೋದ ವಾರ ಮೂಕಪ್ಪನೆಂಬ ಕೂಲಿ ಬಿಸಿಲಿಗೆ ಬಿದ್ದಾಗ, ಮ್ಯಾನೇಜರ್ ಹೇಳಿದಂತೆ ಅವಳು ಹಸಿರು ಒತ್ತಿದ್ದಳು. ಸಂಜೆಗೆ ಅವನು ಸತ್ತ. ವಿಚಾರಣೆಯಲ್ಲಿ ಅವಳದೇ ರೆಕಾರ್ಡಿಂಗ್ ಹಾಕಿ ಕೇಳಿಸಿದರು: "ಓ.ಆರ್.ಎಸ್. ಕುಡಿಯಿರಿ, ವಿಶ್ರಾಂತಿ ತೆಗೆದುಕೊಳ್ಳಿ." ಸಲಹೆ ಕೊಟ್ಟಾಗಿದೆ, ಕುಡಿಯದೆ ಸತ್ತದ್ದು ಅವನ ತಪ್ಪು ಎಂದು ಬರೆದು ಕೈತೊಳೆದುಕೊಂಡರು. ಅಂದಿನಿಂದ ಅವಳಿಗೆ ತನ್ನ ದನಿ ಕೇಳಿದರೇ ಹೇಸಿಗೆ.

ಫೋನು ಬಡಿದುಕೊಂಡಿತು.

"ನರ್ಸವ್ವಾ, ನಾ ಎರ್ರೆಮ್ಮ ರೀ, ವಡ್ಡಿನ ಫ್ಯಾಕ್ಟ್ರಿಯಿಂದ. ನಮ್ ಯಮನಮ್ಮ ಬಿದ್ದಾಳ. ಮೈ ಕೆಂಡ ಆಗೈತಿ, ಒಂದ್ ಹನಿ ಬೆವರಿಲ್ಲ, ಏನೇನೋ ಬಡಬಡಸ್ತಾಳ. ಆ ಸೂಳೇಮಗ ಗುತ್ತೇದಾರ ನಾಟ್ಕ ಅಂತಾನ್ರಿ!"

ಎರ್ರೆಮ್ಮನ ದನಿಯ ಹಿಂದೆ ಯಮನಮ್ಮನ ಬಡಬಡಿಕೆ ಕೇಳುತ್ತಿತ್ತು. ಮೂಕಪ್ಪನೂ ಹೀಗೇ ಬಡಬಡಿಸಿದ್ದ.

"ನೆರಳಿಗೆ ಎತ್ರಿ ಯವ್ವಾ. ಬಾಯಿಗೆ ನೀರ್ ಹಾಕಬ್ಯಾಡ್ರಿ, ಮೈಮ್ಯಾಲೆ ಸುರೀರಿ, ಗಾಳಿ ಬೀಸ್ರಿ, ಜಲ್ದಿ!" ಎನ್ನುತ್ತಲೇ ಕೆಂಪು ಒತ್ತಿದಳು.

ಮ್ಯಾನೇಜರ್ ಎದ್ದು ಬಂದವನೇ ಅವಳ ಭುಜದ ಮೇಲಿಂದ ಬಗ್ಗಿ ಹಸಿರು ಮಾಡಿದ.

"ಓ.ಆರ್.ಎಸ್. ಅನ್ನು. ಇಲ್ಲಂದ್ರ ನಾಳೆಯಿಂದ ನಿಮ್ಮವ್ವನ ಜೋಡಿ ಬಾಳೆಗೊನಿ ಹೊರಾಕ ಹೋಗು."

ಹುಲುಗೆಮ್ಮ ಮೈಕನ್ನು ಬಾಯಿಗೆ ಹತ್ತಿರ ಎಳೆದುಕೊಂಡಳು.

"ಇದು ರೆಕಾರ್ಡ್ ಆಗ್ತೈತಿ. ಈಗ ಮಧ್ಯಾನ ಎರಡ್ ಗಂಟಿ ಹತ್ ನಿಮಿಷ. ನಾ ಅನನ್ಯಾ ಅಲ್ಲ, ಕಮಲಾಪುರ ಕೇರಿ ಹುಲುಗೆಮ್ಮ. ಯಮನಮ್ಮಗ ಆಂಬುಲೆನ್ಸ್ ಬೇಕಂತ ನಾ ಕೆಂಪು ಒತ್ತೀನಿ, ನಮ್ ಮ್ಯಾನೇಜರ್ ಹಸಿರು ಮಾಡ್ಯಾನ. ಇವನ ಮಾತು ಕೇಳಿ ಮೂಕಪ್ಪನ್ನ ಕೊಂದಾಕೀನೂ ನಾನ. ಎರ್ರೆವ್ವಾ, ಆಕಿನ್ನ ಸಿಕ್ಕ ಗಾಡ್ಯಾಗ ಹಾಕ್ಕೊಂಡ್ ದವಾಖಾನಿಗೆ ಒಯ್ರಿ. ಅವ್ರು ಗೇಟ್ ತೆಗಿಯಂಗಿಲ್ಲ. ನೀವ ತೆಗೀರಿ."

"ಕಟ್ ಮಾಡಲೇ ರಂಡೇ!" ಮ್ಯಾನೇಜರ್ ವೈರಿಗೆ ಕೈ ಹಾಕಿದ. ಅವಳು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡಳು. ಉಳಿದ ಐವರು ಅನನ್ಯಾಗಳು ಕುರ್ಚಿ ಬಿಟ್ಟು ಎದ್ದು ನಿಂತರು.

"ಲೇ ತಿಪ್ಪಕ್ಕಾ, ಹಾರಿ ತಗೊಂಬಾರೇ!" ಆ ಕಡೆ ಎರ್ರೆಮ್ಮ ಜೊತೆಯ ಕೂಲಿಯಾಕೆಯನ್ನು ಕೂಗಿದಳು.

ಕಬ್ಬಿಣದ ಗೇಟಿನ ಮೇಲೆ ಹಾರೆಯ ಏಟು ಬಿತ್ತು. ಮತ್ತೊಂದು ಬಿತ್ತು. ಹುಲುಗೆಮ್ಮ ಕಿವಿಗೊಟ್ಟು ಕೇಳಿದಳು. ಯಮನಮ್ಮನ ಬಡಬಡಿಕೆ ನಿಂತುಹೋಗಿತ್ತು.